ಡಿಗ್ರಿ ಮುಗಿಯಿತು, ಮುಂದೇನು ಸರ್?

ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ನನ್ನ ಬಿ.ಕಾಂ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯಿದು: "ಏನೂ ತೋಚುತ್ತಿಲ್ಲ ಸರ್, ಕೆಲಸಕ್ಕೆ ಸೇರಲೋ, ಕೆಎಎಸ್, ಐಎಎಸ್ ಎಂದು ಓದಲು ಕೂರಲೋ, ಸಿಎ ಮಾಡಲೋ?" ನಿಮಗೇನು ಇಷ್ಟ ಎಂದು ನಾನು ಮರುಪ್ರಶ್ನೆ ಹಾಕುವುದಿಲ್ಲ. ಯಾವ ಕೆಲಸದ ಒಳಹೊರಗನ್ನೂ ಕಾಣದವರಿಗೆ ಅದು ಗೊತ್ತಿರಬೇಕೆಂದು ಬಯಸುವುದೇ ಅನ್ಯಾಯ. ಯಾವ ದಾರಿಗೆ ವಯಸ್ಸಿನ ಮಿತಿಯಿದೆ, ಯಾವುದಕ್ಕಿಲ್ಲ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷದ ಮಿತಿ, 6 ಅವಕಾಶ. ಇತರ ಹಿಂದುಳಿದ ವರ್ಗದವರಿಗೆ 35 ವರ್ಷ, 9 ಅವಕಾಶ. ಅರ್ಜಿ ಹಾಕಿದ ಮಾತ್ರಕ್ಕೆ ಅವಕಾಶ ಕಳೆಯುವುದಿಲ್ಲ, ಆದರೆ ಪೂರ್ವಭಾವಿ ಪರೀಕ್ಷೆಯ ಒಂದೇ ಪತ್ರಿಕೆ ಬರೆದರೂ ಅದು ಲೆಕ್ಕಕ್ಕೆ ಸೇರುತ್ತದೆ; 'ಹೇಗಿರುತ್ತದೋ ನೋಡಿ ಬರೋಣ' ಎಂದು ಹೊರಡುವವರು ಇದನ್ನು ಗಮನಿಸುವುದೇ ಇಲ್ಲ. ಸಿಎ ಓದಿಗಾದರೋ ಗರಿಷ್ಠ ವಯೋಮಿತಿಯಿಲ್ಲ.

ಹಾಗೆಂದು ಮಿತಿಯಿರುವ ದಾರಿಗೇ ಮೊದಲು ಧುಮುಕಬೇಕೆಂದು ನನ್ನ ಮಾತಿನ ಅರ್ಥವಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್‌ಗೆ ಸೇರಿ ರೂಮು ಮಾಡಿಕೊಂಡಿರುವವರಲ್ಲಿ ಹಲವರು ತೀರ್ಮಾನ ಮಾಡಿ ಹೋದವರಲ್ಲ, ತೀರ್ಮಾನವನ್ನು ಮುಂದೂಡಲು ಹೋದವರು ಎಂಬುದು ನನ್ನ ಅಭಿಪ್ರಾಯ. 'ಮಗ ಪರೀಕ್ಷೆಗೆ ಓದುತ್ತಿದ್ದಾನೆ' ಎಂದರೆ ಮನೆಯವರಿಗೂ ಮರ್ಯಾದೆ, ನೆಂಟರೂ ಮತ್ತೆ ಕೆದಕುವುದಿಲ್ಲ. ಆದರೆ ಕೆಎಎಸ್ ಹುದ್ದೆಗಳಿಗೆ 2020ರ ಅಧಿಸೂಚನೆಯಾದ ಮೇಲೆ ಮುಂದಿನದು ಹೊರಬಿದ್ದದ್ದು 2024ರಲ್ಲಿ ಎಂಬುದನ್ನು ನೆನೆದರೆ, ಬೇರೇನೂ ಕೈಯಲ್ಲಿಲ್ಲದೆ ಬರೀ ಕಾಯುತ್ತ ಕೂರುವುದು ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಆದ್ದರಿಂದ, ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ ಕೇಂದ್ರ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಸಾಮಾನ್ಯ ಅಧ್ಯಯನದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮನೆಯಲ್ಲೇ ಬಿಡಿಸಿ: 2 ಗಂಟೆ, 100 ಪ್ರಶ್ನೆ, ತಪ್ಪುತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಡಿತ. ಎಷ್ಟು ಅಂಕ ಬಂತೆಂಬುದು ಆಗ ಮುಖ್ಯವಲ್ಲ. ತಪ್ಪಿದ ಉತ್ತರಗಳನ್ನು ಹುಡುಕಿ ಓದುವ ಆಸೆ ಮೂಡಿತೇ ಎಂದು ನೋಡಿಕೊಳ್ಳಿ. ಮೂಡಿದ್ದರೆ ಮನೆಯವರೊಡನೆ ಕುಳಿತು ಖರ್ಚಿನ ಲೆಕ್ಕ ಹಾಕಿ, ಒಂದು ಗಡುವನ್ನೂ ಗೊತ್ತುಮಾಡಿಕೊಂಡು ಓದಿ. ಮೂಡದಿದ್ದರೆ, ಸಂಬಳ ಕಡಿಮೆಯಾದರೂ ಸರಿ, ಯಾವುದಾದರೂ ಆಡಿಟರ್ ಕಚೇರಿಗೆ ಸೇರಿ. ತಿಂಗಳ 20ನೇ ತಾರೀಖು ಬಂತೆಂದರೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿಯಲ್ಲಿ ಒಂದು ವರ್ಷ ದುಡಿದ ಬಳಿಕ, ಸಿಎ ಬೇಕೋ ಬೇಡವೋ ಎಂಬುದನ್ನು ನೀವು ಯಾರನ್ನೂ ಕೇಳಬೇಕಾಗಿರುವುದಿಲ್ಲ.