ಇನ್ನೊಂದು ಚೂರು ಐತೇನವ್ವಾ?

ಭಾನುವಾರದಿಂದ ಈ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ನಮ್ಮ ಮಾವ ಚಹಾ ಲೋಟ ಹಿಡಿದು ಕೇಳಿದ್ದು: 'ಇನ್ನೊಂದು ಚೂರು ಐತೇನವ್ವಾ?'

ಚೂರು ಅಂದರೆ ಬ್ರೆಡ್ಡಿನದು. ಬ್ರೆಡ್ ನಾನೇ ಮಾಡಿದ್ದು. ಅರ್ಧ ಕೆಜಿ ಮೈದಾ, ಪುಟ್ಟ ಪೊಟ್ಟಣ ಈಸ್ಟ್, ಉಪ್ಪು, ಸಕ್ಕರೆ, ಸ್ವಲ್ಪ ಬೆಣ್ಣೆ. ದಾವಣಗೆರೆಯಲ್ಲಿ ಕೂತು 'ಸ್ವಲ್ಪ ಬೆಣ್ಣೆ' ಅಂದರೆ ಯಾರೂ ನಂಬಲ್ಲ, ಜಾಸ್ತಿನೇ ಹಾಕಿದ್ದೆ. ಹಿಟ್ಟು ನಾದಿ ಒಂದೂವರೆ ಗಂಟೆ ಮುಚ್ಚಿಡಿ ಅಂತ ವಿಡಿಯೋದಲ್ಲಿ ಹೇಳಿದ್ದರು. ಆ ಹೆಂಗಸಿನ ಅಡುಗೆಮನೆ ಕಿಟಕಿಯಾಚೆ ಮಳೆ ಸುರೀತಿತ್ತು. ಇಲ್ಲಿ ವಿನೋಬನಗರದಲ್ಲಿ ಮಧ್ಯಾಹ್ನ 38 ಡಿಗ್ರಿ. ಅತ್ತೆ ಬಟ್ಟೆ ಎತ್ತಿ ನೋಡಿ, 'ಸಾಕು ಕಣೇ, ಒಲೆಗೆ ಹಾಕು. ಈ ಸೆಕೆಗೆ ನಾನು ದೋಸೆ ಹಿಟ್ಟನ್ನೇ ರಾತ್ರಿ ಹತ್ತರ ಮೇಲೆ ರುಬ್ತೀನಿ' ಅಂದರು. ನಾನು ಫೋನ್ ತೋರಿಸಿ, ಇನ್ನೂ ಮುಕ್ಕಾಲು ಗಂಟೆ ಇದೆ ಅತ್ತೆ ಅಂದೆ. ಆಮೇಲೆ ನೋಡಿದರೆ ಹಿಟ್ಟು ಪಾತ್ರೆ ದಾಟಿ ಕಟ್ಟೆಗೆ ಇಳಿದಿದೆ, ಹುಳಿ ವಾಸನೆ ಬೇರೆ, ಬೆರಳು ತಾಗಿದ್ದೇ ತಡ ಪುಸ್ ಅಂತ ಕೂತುಬಿಟ್ಟಿತು. ಹಟ ಬಿಡದೆ ಓವನ್ನಿಗೆ ಇಟ್ಟೆ. 15 ನಿಮಿಷಕ್ಕೆ ಕರೆಂಟ್ ಹೋಯಿತು.

ಕೊನೆಗೆ ಹೊರಗೆ ಬಂದದ್ದಕ್ಕೆ ಇಟ್ಟಿಗೆಯ ಬಣ್ಣ, ಇಟ್ಟಿಗೆಯದ್ದೇ ತೂಕ. ನನ್ನ ಗಂಡ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ. 'ಬೇಕರೀಲಿ 40 ರೂಪಾಯಿಗೆ ಸಿಗುತ್ತಲ್ಲೇ' ಅಂದ. ಲೋಕದ ಎಲ್ಲಾ ತಿಂಡಿಯನ್ನೂ ಬೆಣ್ಣೆ ದೋಸೆ ಪಕ್ಕ ಇಟ್ಟು ಫೇಲ್ ಮಾಡುವ ಮನುಷ್ಯ ಅವನು, ಬಿಡಿ.

ಮಾವ ಏನೂ ಅನ್ನಲಿಲ್ಲ. ಅವರದ್ದು ಕಟ್ಟಿಸಿದ ಹಲ್ಲು. ಚೂರನ್ನು ಚಹಾದಲ್ಲಿ ಅದ್ದಿ, ತೆಗೆಯದೆ ಹಾಗೇ ಹಿಡಿದುಕೊಂಡು, ಮೆತ್ತಗಾಗುವವರೆಗೆ ಕಾದು, ತುದಿಯಿಂದ ಒಂದೊಂದೇ ತುಂಡು ಬಾಯಿಗೆ ಹಾಕಿಕೊಂಡರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ, ಬೆಳಗ್ಗೆ ಗೇಟಿನ ಮುಂದೆ ಬನ್ನು ಅದ್ದಿ ತಿಂದು ಮನೆಗೆ ಬರುತ್ತಿದ್ದವರು. ಎಷ್ಟು ಹೊತ್ತು ಅದ್ದಬೇಕು ಅನ್ನುವುದು ಅವರ ಬೆರಳಿಗೇ ಗೊತ್ತು. ತಿಂದು, ನನ್ನ ಮುಖ ನೋಡದೆ, ಲೋಟದೊಳಗೆ ನೋಡುತ್ತಾ ಕೇಳಿದರು. ಇನ್ನೊಂದು ಚೂರು ಐತೇನವ್ವಾ?

ನಿಜವಾಗ್ಲೂ ಬೇಕಿತ್ತಾ? ಇಲ್ಲಾ ಸುಮ್ನೆ ನನ್ನ ಮುಖ ನೋಡಿ ಕೇಳಿದ್ರಾ? ಮುಖ ನೋಡಿರಲೇ ಇಲ್ಲವಲ್ಲ!

ಸೋಮವಾರ ಅತ್ತೆ ರೊಟ್ಟಿ ತಟ್ಟುವಾಗ ಕೇಳಿಯೇಬಿಟ್ಟೆ. ಅವರು ನಕ್ಕರು. ಅತ್ತೆಯ ತವರು ಶಿವಮೊಗ್ಗ ಕಡೆ, ಅಕ್ಕಿ ರೊಟ್ಟಿಯ ಕೈ. ಮದುವೆಯಾಗಿ ಬಂದ ಹೊಸದರಲ್ಲಿ ಜೋಳದ ಹಿಟ್ಟಿಗೆ ಉಗುರುಬೆಚ್ಚಗಿನ ನೀರು ಹಾಕಿದ್ದರಂತೆ. ಎಸರು ಕುದೀಬೇಕು, ಜೋಳಕ್ಕೆ ಮೈದಾ ಥರ ಅಂಟು ಇರಲ್ಲ ಅಲ್ವಾ. ರೊಟ್ಟಿ ಅಂಚೆಲ್ಲಾ ಬತ್ತಿದ ಕೆರೆ ಥರ ಬಿರಿದು, ತಟ್ಟೆಗೆ ಬಂದಿದ್ದು ಮೂರು ಹೋಳು. ಅವರ ಅತ್ತೆ ಮುಖ ತಿರುಗಿಸಿಕೊಂಡು ಕೂತರೆ, ನಮ್ಮ ಮಾವ ಆ ಹೋಳುಗಳನ್ನೆಲ್ಲ ಪಲ್ಯದ ಜೊತೆ ತಿಂದು, 'ಇನ್ನೊಂದು ಐತೇನು?' ಅಂದರಂತೆ. 'ಹಸಿವಿತ್ತೋ ನನ್ನ ಮಾನ ಉಳಿಸಿದರೋ, ನಲವತ್ತು ವರ್ಷ ಆಯ್ತು. ನಾನೂ ಕೇಳಿಲ್ಲ, ಅವರೂ ಹೇಳಿಲ್ಲ' ಅಂತ ಹೇಳಿ ಅತ್ತೆ ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿದರು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ನಮ್ಮ ತವರಲ್ಲಿ ಚೆನ್ನಾಗಿಲ್ಲ ಅಂದರೆ ಮುಖಕ್ಕೇ ಹೇಳ್ತಾರೆ, ಎರಡು ನಿಮಿಷ ಜಗಳ, ಮುಗೀತು. ಈ ಮನೆಯಲ್ಲಿ 'ತಿನ್ನಬಹುದು' ಅನ್ನುವುದೇ ದೊಡ್ಡ ಹೊಗಳಿಕೆ. ಮಾವನಿಗೆ ರುಚಿಯೇ ಗೊತ್ತಾಗಲ್ಲ, ಪಾಪ, ಕೊಟ್ಟಿದ್ದು ತಿಂತಾರೆ ಅಂದುಕೊಂಡಿದ್ದೆ. ಈಗ ಏಳು ವರ್ಷದ ಲೆಕ್ಕ ತೆಗೆಯುತ್ತಿದ್ದೇನೆ. ಪಾಯಸ ತಳ ಹಿಡಿದ ಯುಗಾದಿಗೆ ಎರಡನೇ ಸಲ ಹಾಕಿಸಿಕೊಂಡಿದ್ದರು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದ ದಿನವೂ 'ಇನ್ನೊಂದಿಷ್ಟು' ಅಂದಿದ್ದರು. ಹೆಸರುಬೇಳೆ ಹೋಳಿಗೆ ಚೆನ್ನಾಗಿ ಬಂದ ದಿನ ಏನಂದರು? ನೆನಪೇ ಆಗುತ್ತಿಲ್ಲ.

ನಿನ್ನೆ ಮತ್ತೆ ಬ್ರೆಡ್ ಮಾಡಿದೆ. ಫೋನ್ ಮುಟ್ಟಲಿಲ್ಲ. ಅತ್ತೆ ಬಟ್ಟೆ ಎತ್ತಿ ಸಾಕು ಅಂದಾಗ ಇನ್ನೂ 40 ನಿಮಿಷವೂ ಆಗಿರಲಿಲ್ಲ. ಕರೆಂಟೂ ಕೈ ಕೊಡಲಿಲ್ಲ. ಕೊಯ್ದರೆ ಒಳಗೆ ಹತ್ತಿ ಹತ್ತಿ, ಗಂಡನೂ ಬಾಯಿ ಮುಚ್ಚಿಕೊಂಡು ಮೂರು ಚೂರು ತಿಂದ.

ಮಾವ ಒಂದು ತಿಂದರು, ಚಹಾ ಮುಗಿಸಿದರು, ಟವೆಲ್ಲಿಗೆ ಕೈ ಒರೆಸಿಕೊಂಡು ಪೇಪರ್ ಹಿಡಿದು ಜಗುಲಿಗೆ ಹೋದರು. ಇನ್ನೊಂದು ಕೇಳಲಿಲ್ಲ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.