ಅದೂ ಸೊಕ್ಕಾ ಸಾರ್?

"ಅವನಿಗೆ ಸೊಕ್ಕು. ಎರಡು ಬಿಟ್ಟರೆ ಸರಿಹೋಗ್ತಾನೆ."

ಭಾನುವಾರ ನಮ್ಮ ಓದುಗರ ಬಳಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಅಮೆರಿಕನ್ ಕಾದಂಬರಿಯೊಂದರ ನಾಯಕ ಹೋಲ್ಡನ್ ಕಾಲ್‌ಫೀಲ್ಡ್ ಬಗ್ಗೆ ಹೀಗೆ ಹೇಳಿದರು. ಸುಮಾರು ಜನ ನಕ್ಕರು. ಮೇಷ್ಟ್ರು ಕೆಟ್ಟವರಲ್ಲ, ಎಷ್ಟೋ ಬಡ ಮಕ್ಕಳ ಫೀಸು ಕಟ್ಟಿದವರು. ಆದರೆ ತಮ್ಮ ಮಾತು ಮುಗಿದ ಮೇಲೆ ಎದುರಿಗಿರುವವರ ಮುಖ ನೋಡುವ ಅಭ್ಯಾಸ ಅವರಿಗಿಲ್ಲ. ಹಿಂದಿನ ಸಾಲಿನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ನಗದೆ ಕೂತಿದ್ದಳು.

"ಫೋನ್ ಬೂತಲ್ಲಿ ಅಷ್ಟು ಹೊತ್ತು ನಿಂತು ಯಾರಿಗೂ ಫೋನ್ ಮಾಡದೆ ಹೊರಗೆ ಬಂದ. ಅದೂ ಸೊಕ್ಕಾ ಸಾರ್?"

ಪಕ್ಕದಲ್ಲಿದ್ದ ತಾಯಿ ಅವಳ ಕೈ ಅದುಮಿದರು. ಅಷ್ಟರಲ್ಲಿ ಕಾಫಿ ಬಂತು. ಉತ್ತರ ಯಾರೂ ಕೊಡಲಿಲ್ಲ.

ವಾರವಿಡೀ ಆ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ಸ್ಯಾಲಿಂಜರ್ ಬರೆದ 'ದಿ ಕ್ಯಾಚರ್ ಇನ್ ದ ರೈ' 1951ರ ಕಾದಂಬರಿ. ಹುಡುಗನಿಗೆ 16 ವರ್ಷ. ಐದರಲ್ಲಿ ನಾಲ್ಕು ವಿಷಯ ಫೇಲಾಗಿ ಶಾಲೆಯಿಂದ ಹೊರಬಿದ್ದಿದ್ದಾನೆ. ನ್ಯೂಯಾರ್ಕಿಗೆ ಬಂದು ರೈಲು ಇಳಿದವನೇ ಫೋನ್ ಬೂತಿಗೆ ಹೋಗುತ್ತಾನೆ. ಅಣ್ಣ ದೂರದ ಹಾಲಿವುಡ್‌ನಲ್ಲಿದ್ದಾನೆ. ತಂಗಿ ಫೀಬಿ ಮಲಗಿರುತ್ತಾಳೆ, ಫೋನ್ ಅಪ್ಪ ಅಮ್ಮ ಎತ್ತಿದರೆ ಕಷ್ಟ. ಹೀಗೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಾರಣ. ಸುಮಾರು 20 ನಿಮಿಷ ಕಳೆದು ಸುಮ್ಮನೆ ಹೊರಗೆ ಬರುತ್ತಾನೆ.

ಸೊಕ್ಕಿರುವವನು 20 ನಿಮಿಷ ಹಾಗೆ ನಿಲ್ಲುತ್ತಾನಾ?

ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಹದಿಹರೆಯದವರಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಕಾಣಿಸಿಕೊಳ್ಳುತ್ತದೆ. ಮನೋವೈದ್ಯರು ಬಳಸುವ ಡಿಎಸ್ಎಂ ಕೈಪಿಡಿಯಲ್ಲೇ ಇದು ಇದೆ: ಮಕ್ಕಳಲ್ಲಿ ಬೇಸರದ ಜಾಗದಲ್ಲಿ ಸಿಡುಕು ಇರಬಹುದು. ಅದರ ಜೊತೆಗೆ ನಿದ್ದೆ, ಹಸಿವು, ಗಮನ, ಆಸಕ್ತಿ ಎಲ್ಲ ಏರುಪೇರಾಗಿ ಎರಡು ವಾರವಾದರೂ ಉಳಿದರೆ ವೈದ್ಯರು ಗಂಭೀರವಾಗಿ ನೋಡುತ್ತಾರೆ. ಹೋಲ್ಡನ್‌ನದು ಕೆಲವೇ ದಿನಗಳ ಕಥೆ, ಆದರೆ ಅವನ ನೋವು ಮೂರು ವರ್ಷ ಹಳೆಯದು. ಎಲ್ಲರನ್ನೂ ನಾಟಕದವರು ಅಂತ ಬೈಯುವ ಈ ಹುಡುಗನಿಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗುತ್ತಾನೆ. ಹೋಟೆಲಿನ ಕಿಟಕಿಯಿಂದ ಹಾರಿಬಿಡಬೇಕು ಅನ್ನಿಸುತ್ತದೆ. ಸೆಂಟ್ರಲ್ ಪಾರ್ಕಿನಲ್ಲಿ ಕೂತು ತನ್ನದೇ ಅಂತ್ಯಕ್ರಿಯೆಯನ್ನು ಕಲ್ಪಿಸಿಕೊಳ್ಳುತ್ತಾನೆ. ನಿನಗೆ ಇಷ್ಟವಾದದ್ದು ಒಂದಾದರೂ ಹೇಳು ಅಂತ ಫೀಬಿ ಕೇಳಿದಾಗ ತಡಕಾಡುತ್ತಾನೆ. ಕೊನೆಗೆ ಹೇಳುವ ಹೆಸರು ಅಲಿ. ಸತ್ತುಹೋದ ತಮ್ಮ.

ಅಲಿ ಲ್ಯೂಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ, ಸತ್ತಾಗ ಅವನಿಗೆ 11, ಹೋಲ್ಡನ್‌ಗೆ 13. ಆ ರಾತ್ರಿ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಕೈ ಗಾಯವಾಗಿ ಆಸ್ಪತ್ರೆಯಲ್ಲಿದ್ದದ್ದರಿಂದ ತಮ್ಮನ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಈ ಭಾಗ ಓದಿದ ಮೇಲೂ ಒಬ್ಬರಿಗೆ "ಎರಡು ಬಿಟ್ಟರೆ" ಅನ್ನಲು ಬಾಯಿ ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ.

ಪ್ರಶ್ನೆ ಕೇಳಿದ ಹುಡುಗಿಗೇ ಏನೋ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅವಳು ಪುಸ್ತಕವನ್ನು ಚೆನ್ನಾಗಿ ಓದಿದ್ದಾಳೆ, ಅಷ್ಟೇ. ಆದರೆ ತಾಯಿ ಯಾಕೆ ಕೈ ಅದುಮಿದರು? ದೊಡ್ಡವರಿಗೆ ಎದುರು ಮಾತಾಡಿದಳು ಅಂತಲೋ, ಇಂಥ ವಿಷಯ ನಾಲ್ಕು ಜನರ ಮುಂದೆ ಬೇಡ ಅಂತಲೋ? ಎರಡೂ ನಮ್ಮ ಮನೆಗಳಲ್ಲಿ ಇವೆ. ಬಾಗಿಲು ಹಾಕಿಕೊಂಡು ಕೂತ ಮಗ "ಮೊಬೈಲ್ ಹುಚ್ಚ". ಊಟ ಬಿಟ್ಟ ಮಗಳು "ಹಟಮಾರಿ". ಸಿಇಟಿ ರ್‍ಯಾಂಕ್ ಎಷ್ಟು ಅಂತ ಕೇಳುವ ನೆಂಟರಿಗೆ ಲೆಕ್ಕವಿಲ್ಲ, ರಾತ್ರಿ ನಿದ್ದೆ ಬರುತ್ತಾ ಮಗಾ ಅಂತ ಕೇಳುವವರು ಎಷ್ಟು ಜನ?

2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಡೀ ವ್ಯವಸ್ಥೆಗೆ ಮಾರ್ಗದರ್ಶನ ಮಾಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಈ ನಂಬರನ್ನು ಮಕ್ಕಳಿಗೆ ಕೊಟ್ಟರೆ ಸಾಲದು. ಅವರ ಬದಲು ಮನೆಯವರೇ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.

ಕಾದಂಬರಿಯಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಹೋಲ್ಡನ್ ತನ್ನ ಹಳೆಯ ಇಂಗ್ಲಿಷ್ ಮೇಷ್ಟ್ರು ಆಂಟೊಲಿನಿಯವರ ಮನೆಗೆ ಹೋದ ರಾತ್ರಿ. ಕಿಟಕಿಯಿಂದ ಹಾರಿ ಸತ್ತ ವಿದ್ಯಾರ್ಥಿಯನ್ನು ಹಿಂದೆ ಕೈಯಾರೆ ಎತ್ತಿಕೊಂಡು ಹೋದವರು ಅವರೇ. ಹೋಲ್ಡನ್ ಅಪಾಯದಲ್ಲಿದ್ದಾನೆ ಅಂತ ಅವರಿಗೆ ಗೊತ್ತಾಗುತ್ತದೆ. ಆದರೂ ಓದು, ವಿದ್ಯೆ, ಭವಿಷ್ಯ ಅಂತ ಉಪದೇಶ ಮಾಡುತ್ತಲೇ ಇರುತ್ತಾರೆ. ಹೋಲ್ಡನ್ ತಡೆಯಲಾಗದೆ ಆಕಳಿಸುತ್ತಾನೆ. ಅಷ್ಟು ಹೊತ್ತಿನ ಮಾತಿನಲ್ಲಿ ಅಲಿಯ ಹೆಸರು ಒಂದು ಸಲವೂ ಬರುವುದಿಲ್ಲ.