ಹಳೇ ಕಾರು ಓಡಿಸೋಕೆ ಕ್ಲಬ್ ಯಾಕೆ ಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನ್ನ 1964ರ ಫಿಯೆಟ್ 1100 ನೋಡಿದವರು ಮೊದಲು ಮೈಲೇಜ್ ಕೇಳುತ್ತಾರೆ. ಆಮೇಲೆ ಮಾರ್ತೀರಾ ಅಂತಾರೆ. ನಾನು ಕ್ಲಬ್ಬಿನವರ ಜೊತೆ ಊರೂರು ಸುತ್ತುತ್ತೇನೆ ಅಂತ ಗೊತ್ತಾದ ಕೂಡಲೇ ಮೂರನೇ ಪ್ರಶ್ನೆ ಬರುತ್ತದೆ: "ಕಾರು ನಿಮ್ದು, ಪೆಟ್ರೋಲ್ ನಿಮ್ಮ ದುಡ್ಡಿಂದು, ರಸ್ತೆ ಎಲ್ಲರದ್ದು. ಮತ್ತೆ ಕ್ಲಬ್ ಯಾಕೆ ಸಾರ್?"

ಯಾಕೆಂದರೆ ಈ ಕಾರು ಒಂಟಿಯಾಗಿ ಓಡುವ ಗಾಡಿಯಲ್ಲ. ಹೊಸದಾಗಿದ್ದಾಗಲೂ ಆಗಿರಲಿಲ್ಲ.

ಅರವತ್ತರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಮೂರೇ ಮೂರು ದೇಶಿ ಕಾರು. ಬೊಂಬಾಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್, ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಈ ಮೂರರ ಇಂಜಿನ್ ಬಿಚ್ಚಿ ಜೋಡಿಸಲು ಕಲಿತ ಹುಡುಗ ಯಾವ ಊರಲ್ಲಾದರೂ ಮೇಸ್ತ್ರಿ ಆಗಬಹುದಿತ್ತು. ಅಂಥವನೊಬ್ಬ ರಾಮನಗರದಲ್ಲೂ ಇದ್ದ, ಮಂಡ್ಯದಲ್ಲೂ ಇದ್ದ. ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಸುಟ್ಟರೆ ಉಜ್ಜಿ ಕೊಡುತ್ತಿದ್ದ, ಫ್ಯಾನ್ ಬೆಲ್ಟ್ ಹರಿದರೆ ಗೂಟಕ್ಕೆ ನೇತುಹಾಕಿದ್ದ ಬೆಲ್ಟ್ ತೆಗೆದು ಹಾಕುತ್ತಿದ್ದ. ಕಾರು ಕಂಪನಿಯವರು ಬರೆದುಕೊಡದಿದ್ದರೂ ಆ ಮೇಸ್ತ್ರಿಗಳೆಲ್ಲ ಕಾರಿನ ಬಿಡಿಭಾಗಗಳೇ ಆಗಿದ್ದರು ಅನ್ನಬಹುದು.

ಹೆರಾಲ್ಡ್ ಎಪ್ಪತ್ತರ ದಶಕದ ಶುರುವಿನಲ್ಲೇ ನಿಂತಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಇವತ್ತಿನ ಗ್ಯಾರೇಜ್ ಹುಡುಗ ಜಾಣ. ಆದರೆ ಅವನು ಸ್ಕ್ಯಾನರ್ ಚುಚ್ಚಲು ಜಾಗ ಹುಡುಕುತ್ತಾನೆ. ನನ್ನ ಕಾರಿನಲ್ಲಿ ಅಂಥ ಜಾಗವೇ ಇಲ್ಲ. ಅವನದೇನೂ ತಪ್ಪಿಲ್ಲ ಬಿಡಿ. ಕಾರು ಉಳಿಯಿತು, ಅದರ ಸುತ್ತ ಇದ್ದ ಜನ ಹೋದರು. ಆ ಜನರ ಜಾಗದಲ್ಲಿ ಈಗ ಇರುವುದು ಕ್ಲಬ್.

ಒಂದು ಉದಾಹರಣೆ ಹೇಳುತ್ತೇನೆ. ಏಪ್ರಿಲ್ ತಿಂಗಳು, ಮೈಸೂರು ಕಡೆಗೆ ಹೊರಟಿದ್ದೆವು. ಚನ್ನಪಟ್ಟಣ ದಾಟಿದ ಮೇಲೆ ನನ್ನ ಗಾಡಿ ಎರಡು ಸಲ ಜಗ್ಗಿ ನಿಂತಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗಲ್ಲ. ಹಿಂದೆ ಬರುತ್ತಿದ್ದ ಹಿರಿಯ ಸದಸ್ಯರೊಬ್ಬರು ಇಳಿದು ಬಂದು ಬಾನೆಟ್ ಎತ್ತಿದರು. ಏನೂ ಬಿಚ್ಚಲಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎ.ಸಿ. ಪಂಪ್ ಮೇಲೆ ಕೈ ಇಟ್ಟು ಚಟ್ಟನೆ ತೆಗೆದರು. "ನೀರಿದೆಯಾ?" ಅಂದರು. ಹೆಗಲ ಮೇಲಿದ್ದ ಟವೆಲ್ ನೆನೆಸಿ ಪಂಪಿಗೆ ಸುತ್ತಿದರು, ಕಾರ್ಬ್ಯುರೇಟರಿಗೆ ಹೋಗುವ ಪೈಪಿನ ಮೇಲೂ ನೀರು ಸುರಿದರು. ಆಮೇಲೆ ಮರದ ನೆರಳಲ್ಲಿ ನಿಂತು ಮಗಳ ಮದುವೆ ವಿಷಯ ಮಾತಾಡಿದರು. ಕಾಲು ಗಂಟೆ ಬಿಟ್ಟು "ಈಗ ಹೊಡೀರಿ" ಅಂದರು. ಗಾಡಿ ಶುರುವಾಯಿತು.

ಇದಕ್ಕೆ ವೇಪರ್ ಲಾಕ್ ಅಂತಾರೆ. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿಬಿಡುತ್ತದೆ. ಪಂಪು ಪೆಟ್ರೋಲ್ ಎಳೆಯಬಲ್ಲದು, ಆವಿಯನ್ನಲ್ಲ. ಇದು ಪುಸ್ತಕದಲ್ಲೂ ಇದೆ, ನಿಜ. ಆದರೆ ನಡುಮಧ್ಯಾಹ್ನ ಲಾರಿಗಳು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಗುತ್ತಿರುವಾಗ, ಕೆಟ್ಟಿರುವುದು ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊ ಅಲ್ಲ, ಅದರ ಕಂಡೆನ್ಸರ್ ಅಲ್ಲ, ಸುಮ್ನೆ ಕಾಯಬೇಕು ಅಷ್ಟೇ ಅಂತ ಧೈರ್ಯವಾಗಿ ಹೇಳುವವರು ಬೇಕಲ್ವಾ?

ಘಾಟಿ ಇಳಿಯುವುದೂ ಹಾಗೇ ಕಲಿತದ್ದು. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಹೊಸ ಕಾರಿನವರು ಬ್ರೇಕ್ ಬಗ್ಗೆ ಯೋಚನೆಯನ್ನೇ ಮಾಡಲ್ಲ. ನಮ್ಮದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪೆಡಲ್ ಒತ್ತುತ್ತಲೇ ಇಳಿದರೆ ಡ್ರಮ್ ಕಾದು ಲೈನರ್ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿತ ಸಿಗಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ವಾಸನೆ ಬಂದರೆ ನಿಲ್ಲಿಸಿ, ತಾನಾಗಿ ಆರಲಿ. ಆತುರಕ್ಕೆ ನೀರು ಹಾಕಿದರೆ ಕಾದ ಡ್ರಮ್ ಬಿರುಕು ಬಿಡಬಹುದು. ಘಾಟಿಯ ತುದಿಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಹೊಸಬರಿಗೆ ಇದನ್ನು ಹೇಳದೆ ನಮ್ಮಲ್ಲಿ ಯಾರೂ ಇಳಿಯುವಂತಿಲ್ಲ.

ಪ್ರವಾಸದ ಕ್ರಮ ಸರಳ. ಬೆಳಕು ಹರಿಯುವ ಮುಂಚೆ ಹೊರಡುತ್ತೇವೆ. ತೀರಾ ನಿಧಾನದ ಕಾರು ಮುಂದೆ, ವೇಗದ ಕಾರುಗಳು ಹಿಂದೆ. ಎಲ್ಲರಿಗಿಂತ ಕೊನೆಗೆ ಟೂಲ್ಸು, ಹಗ್ಗ, ನೀರಿನ ಕ್ಯಾನು ಹೊತ್ತ ಜೀಪು. ನಡುವೆ ಲಾರಿ, ಬಸ್ಸು ನುಗ್ಗಲು ಜಾಗ ಬಿಟ್ಟಿರುತ್ತೇವೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲೆ ನಾವು ಊರೊಳಗಿನ ಹಳೇ ದಾರಿಯಲ್ಲೇ ಹೋಗುತ್ತೇವೆ. ನೂರರ ವೇಗದ ಕಾರುಗಳ ನಡುವೆ ಐವತ್ತರಲ್ಲಿ ಹೋಗುವುದು ಅವರಿಗೂ ಕಷ್ಟ, ನಮಗೂ ಅಪಾಯ. ಬಿಡದಿಯ ತಟ್ಟೆ ಇಡ್ಲಿಗೂ ಅದೇ ದಾರಿ ಅನುಕೂಲ.

ರ‍್ಯಾಲಿ ಮತ್ತು ಪ್ರವಾಸ ಒಂದೇ ಅಂದುಕೊಳ್ಳುವವರು ಜಾಸ್ತಿ. ರ‍್ಯಾಲಿಯ ಪ್ರದರ್ಶನದಲ್ಲಿ ತೀರ್ಪುಗಾರರು ಸ್ಕ್ರೂ ಕೂಡ ಆ ಕಾಲದ್ದೇನಾ ಅಂತ ನೋಡುತ್ತಾರೆ. ಅದೊಂದು ವಿದ್ಯೆ, ಗೌರವವಿದೆ. ನನಗೆ ಇಷ್ಟವಾಗುವುದು ಓಡಿಸುವುದು. ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿ ನವೆಂಬರಿನಲ್ಲಿ ಒಂದು ಓಟ ನಡೆಯುತ್ತದೆ. 1905ಕ್ಕಿಂತ ಮುಂಚಿನ ಗಾಡಿಗಳಿಗೆ ಮಾತ್ರ ಪ್ರವೇಶ, ಸುಮಾರು 96 ಕಿಲೋಮೀಟರ್ ದಾರಿ. ಅದು ರೇಸ್ ಅಲ್ಲ, ಊರು ಮುಟ್ಟಿದರೆ ಸಾಕು. ನಮ್ಮದೂ ಅದೇ ಮನೋಭಾವ, ಗಾಡಿಗಳು ಮಾತ್ರ ಅಷ್ಟು ಹಳೆಯವಲ್ಲ.

ಕಾಗದಪತ್ರದ ವಿಷಯಕ್ಕೆ ಬರೋಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಆದರೆ ಆ ನಂಬರ್ ಇದ್ದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನಾನು ಅದನ್ನು ತೆಗೆದುಕೊಂಡಿಲ್ಲ. ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸುತ್ತೇನೆ. ಭಾನುವಾರ ಸೊಪ್ಪು ತರೋಕೆ ಹೋಗಲಾಗದಿದ್ದರೆ ಕಾರು ಇಟ್ಟುಕೊಂಡು ಏನು ಪ್ರಯೋಜನ? ಕ್ಲಬ್ಬಿನಲ್ಲಿ ಈ ಬಗ್ಗೆ ಜಗಳವೇ ಇದೆ, ಇರಲಿ.

ಈಚಿನ ತಲೆನೋವು ಎಥನಾಲ್. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಆ ಕಾಲದ ರಬ್ಬರಿಗೆ ಆಗಿಬರಲ್ಲ. ಹೋಸ್ ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಹಾಳಾಗುತ್ತದೆ, ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಒಬ್ಬರೇ ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಎಥನಾಲ್ ತಡೆಯುವ ಹೋಸ್ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಹತ್ತಾರು ಜನ ಸೇರಿ ಒಟ್ಟಿಗೆ ತರಿಸಿದರೆ ಅದೇ ಅಂಗಡಿಯವರು ಕುರ್ಚಿ ಕೊಡುತ್ತಾರೆ.

ಕ್ಲಬ್ಬಿನಲ್ಲಿ ಎಲ್ಲ ಚೆನ್ನಾಗಿದೆ ಅಂತೇನಿಲ್ಲ. ಬಾವುಟ ತೋರಿಸುವ ಗಣ್ಯರು ಎರಡು ಗಂಟೆ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಬಿಸಿಲೇರಿ, ಹೊರಡುವ ಮೊದಲೇ ಅರ್ಧ ಗಾಡಿಗಳ ರೇಡಿಯೇಟರ್ ಕುದಿಯುತ್ತಿರುತ್ತದೆ. ಫೋಟೋಗೆ ಬಂದು ಮೊದಲ ಟೋಲ್‌ನಲ್ಲೇ ಮನೆಗೆ ತಿರುಗುವವರೂ ಇದ್ದಾರೆ. ದುಡ್ಡಿನ ದರ್ಪವೂ ಒಮ್ಮೊಮ್ಮೆ ಕಾಣುತ್ತದೆ. ಆದರೆ ಗಾಡಿ ನಿಂತಾಗ ಮರ್ಸಿಡಿಸ್‌ನವರೂ ಹೆರಾಲ್ಡ್‌ನವರೂ ಒಂದೇ ಬಾನೆಟ್ಟಿನೊಳಗೆ ತಲೆ ಹಾಕುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವುದು ಯಾರ ಹತ್ತಿರ ಹನ್ನೊಂದರ ಸ್ಪ್ಯಾನರ್ ಇದೆ ಅನ್ನೋದು.

"ಕಾರೇ ಇಲ್ಲದವರು ಸೇರಬಹುದಾ?" ಅಂತಲೂ ಕೇಳುತ್ತಾರೆ. ನಮ್ಮಲ್ಲಂತೂ ಬರಬಹುದು. ನಾನು ಹೇಳುವುದಾದರೆ ಕಾರು ಕೊಳ್ಳುವ ಮೊದಲೇ ಬನ್ನಿ. ಯಾರದಾದರೂ ಪಕ್ಕದ ಸೀಟಿನಲ್ಲಿ ಕೂತು ಒಂದು ಪ್ರವಾಸ ಪೂರ್ತಿ ಮಾಡಿ. ಯಾವ ಕಾರಿನ ಬಿಡಿಭಾಗ ಸಿಗುತ್ತದೆ, ಯಾವುದು ವರ್ಷಗಟ್ಟಲೆ ಶೆಡ್ಡಿನಲ್ಲಿ ಕೂರುತ್ತದೆ ಅಂತ ಸಂಜೆ ಊಟದ ಹೊತ್ತಿಗೆ ಎಲ್ಲರೂ ಬಾಯಿಬಿಡುತ್ತಾರೆ. ಇನ್ನೊಂದು ವಿಷಯ: ನಿಮಗೆ ಸಿಕ್ಕ ಕ್ಲಬ್ಬಿನಲ್ಲಿ ಕೊನೆಗೆ ಬರುವ ಆ ಜೀಪು ಇದೆಯಾ, ಅದನ್ನು ಯಾರು ಓಡಿಸುತ್ತಾರೆ ಅಂತ ಮೊದಲೇ ವಿಚಾರಿಸಿ. ಸರಿಯಾದ ಉತ್ತರ ಬರದಿದ್ದರೆ ಬೇರೆ ಕ್ಲಬ್ ನೋಡಿ.